ಎಂಜಿನ್ ಕೋಣೆಯ ಬಾಗಿಲು

ಕೆನಡಾದ ಬರ್ಲಿಂಗ್ಟನ್ನಿನ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಭರತೇಶ ಒಂದು ಕಾಲಕ್ಕೆ ನೌಕಾಪಡೆಯ ಅಧಿಕಾರಿಯಾಗಿದ್ದರೆಂಬುದು ಜೊತೆಯವರಿಗೆ ಗೊತ್ತಿಲ್ಲ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಸೇರಿದವರು ಹನ್ನೊಂದು ವರ್ಷದ ಹೊತ್ತಿಗೆ ಲೆಫ್ಟಿನೆಂಟ್ ಕಮಾಂಡರ್ ಆಗಿ, ಒಂದು ಹಡಗಿನ ಎಂಜಿನ್ನುಗಳ ಹೊಣೆ ಹೊತ್ತಿದ್ದರು.

ಒಂದು ಮಳೆಗಾಲ ನಡುಗಡಲಲ್ಲಿ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಓಡಿಬಂದರು. ಬೈಲಹೊಂಗಲದ ಕಡೆಯ ನಾವಿಕ ಹೊನ್ನಪ್ಪ ಮಾತ್ರ ಎಣ್ಣೆಯ ಕೊಳವೆ ಮುಚ್ಚಲು ಒಳಗೇ ಉಳಿದಿದ್ದ. ಹಡಗಿನಲ್ಲಿ ನೂರ ನಲವತ್ತು ಜನ. ಭರತೇಶ ಎರಡು ಸಲ ಅವನ ಹೆಸರು ಹಿಡಿದು ಕೂಗಿದರು. ಉತ್ತರವಿಲ್ಲ. ಬಾಗಿಲು ಹಾಕಿಸಿ, ಬೆಂಕಿ ನಂದಿಸುವ, ಆದರೆ ಮನುಷ್ಯರ ಉಸಿರೂ ಕಟ್ಟಿಸುವ ಅನಿಲ ಬಿಡಿಸಿದರು. ಆಮೇಲೆ ಒಳಗಿನಿಂದ ಬಾಗಿಲು ಬಡಿದ ಸದ್ದು ಕೇಳಿತು. ತೆರೆದರೆ ಬೆಂಕಿಗೆ ಗಾಳಿ ಸಿಗುತ್ತಿತ್ತು. ತೆರೆಯಲಿಲ್ಲ.

ವಿಚಾರಣೆಯಲ್ಲಿ ಅವರು ಮಾಡಿದ್ದೇ ಸರಿ ಎಂದಾಯಿತು. ಅವರು ರಾಜೀನಾಮೆ ಕೊಟ್ಟರು. ಹೊನ್ನಪ್ಪನ ತಾಯಿ ಶಾರದವ್ವನ ಮನೆಗೆ ಹೋಗಿ, ಮಗ ನರಳಲಿಲ್ಲ, ಕೂಡಲೇ ಹೋದ ಎಂದು ಹೇಳಿಬಂದರು. ಕೆನಡಾಕ್ಕೆ ಬಂದಮೇಲೂ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆಕೆಗೆ ಬೇರೆ ಮಕ್ಕಳಿರಲಿಲ್ಲ. ಮೊಣಕಾಲು ನೋವು, ಎಮ್ಮೆ ಕರು ಹಾಕಿದ್ದು, ಎಲ್ಲ ಹೇಳುತ್ತಿದ್ದಳು. ಬರಬರುತ್ತ 'ಸಾಹೇಬ್ರ' ಹೋಗಿ, ಮಗನನ್ನು ಕರೆದಂತೆ 'ತಮ್ಮಾ' ಆಯಿತು. ಹೀಗೆ ಹದಿನೇಳು ವರ್ಷ.

ಹೋದ ದೀಪಾವಳಿಯ ಬೆಳಿಗ್ಗೆ ಶಿಫ್ಟಿಗೆ ಮುಂಚೆ ಕಾರಿನಲ್ಲಿ ಕೂತು ಫೋನ್ ಮಾಡಿದರು. ಶಾರದವ್ವ ಕೇಳಿದಳು:

"ತಮ್ಮಾ, ನನಗ ವಯಸ್ಸಾತು. ಖರೇ ಹೇಳು. ನನ್ನ ಮಗ ಕಡೀಕ ಯಾರನ್ನರ ಕರದನೇನು?"

ಸುಳ್ಳು ಬಾಯಿಗೆ ಬರಲಿಲ್ಲ.

"ಬಾಗಿಲಾ ಬಡದ, ಅವ್ವಾ. ಹಾಕ್ಸಿದಾಂವ ನಾನ. ತಗದಿದ್ರ ಎಲ್ಲಾರೂ ಹೋಗ್ತಿದ್ರು."



"ಇಷ್ಟು ವರ್ಷ ನಿನಗ ಮಗಾ ಅಂದೆ," ಎಂದಳು. "ಇನ್ನ ಫೋನ್ ಮಾಡಬ್ಯಾಡ್ರಿ, ಸಾಹೇಬ್ರ."

ಸಂಜೆ ಇದನ್ನು ಕೇಳಿ ಹೆಂಡತಿ ವಸಂತಾ ಸಿಟ್ಟಾದಳು. "ಇಷ್ಟ ದಿನಾ ಸುಮ್ಮನಿದ್ದವ್ರು ಈಗ್ಯಾಕ ಹೇಳಿದ್ರಿ? ಎಂಬತ್ತರ ಮುದುಕಿಗೆ ಎಷ್ಟ ಶಾಕ್ ಆಗಿರಬೇಕು!"

"ಕೇಳಿದ್ಳು, ವಸಂತಾ. ಹೆತ್ತಾಕಿ ಕೇಳಿದ್ಳು."

ಯುಗಾದಿಗೆ ಅವರು ಫೋನ್ ಮುಟ್ಟಲಿಲ್ಲ. ತಡೆಯಲಾರದೆ ವಸಂತಾಳೇ ಮಾಡಿದಳು. ಪಕ್ಕದ ಮನೆಯಾಕೆ ಎತ್ತಿದಳು. ಶಾರದವ್ವ ಸಂಕ್ರಾಂತಿಗೂ ಮೊದಲೇ ತೀರಿಕೊಂಡಿದ್ದಳು.

ಸುದ್ದಿಯನ್ನು ವಸಂತಾ ಅಡುಗೆಮನೆಯಲ್ಲಿ ಭರತೇಶರಿಗೆ ಹೇಳಿದಳು.

"ಮಣ್ಣ ಮಾಡಾಕ ಯಾರ್ ಇದ್ರಂತ?" ಎಂದು ಕೇಳಿದರು.

"ಓಣಿಯವ್ರಂತ," ಎಂದಳು ವಸಂತಾ.