ಮಾಳಿಗೆ ಮಣ್ಣಿನ ರುಚಿ

ಏಣಿ ಹತ್ತಿ ನಮ್ಮ ಮಾಳಿಗೆಗೆ ಬಂದ ಪಕ್ಕದ ಓಣಿಯ ಹನುಮಕ್ಕಜ್ಜಿ ನನ್ನ ಬುಟ್ಟಿಯಿಂದ ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡಾಗ ನಾನು ದಂಗಾದೆ. ಅಜ್ಜಿ ಚಪ್ಪರಿಸಿ ನೋಡಿ, ಥೂ ಎಂದು ಉಗುಳಿದಳು.

“ಇದ್ರಾಗ ಉಪ್ಪಾ ಇಲ್ಲಲ್ಲ ತಂಗಿ! ಇದನ್ನ ಹಾಕಿದ್ರ ಮಾಳಿಗಿ ಮ್ಯಾಲ ಹುಲ್ಲು ಬೆಳಿತೈತಿ, ಬೇರು ಹಿಡಕೊಂಡು ನೀರು ಒಳಗ ಇಳಿತೈತಿ. ಉಪ್ಪಿರೋ ಚೌಳು ಮಣ್ಣು ಬೇಕು.”

ತೊಂಬತ್ತರ ದಶಕದ ಮಾತು. ಹಿಂದಿನ ಮಳೆಗಾಲ ಕೊಟ್ಟೂರಿನ ನಮ್ಮ ಮಣ್ಣಿನ ಮಾಳಿಗೆ ಸೋರಿ, ಗಿರಾಕಿಗಳು ಹೊಲಿಯಲು ಕೊಟ್ಟ ಜಂಪರ್ ಬಟ್ಟೆಗಳೆಲ್ಲ ಕಲೆಯಾಗಿದ್ದವು. ನಾಳೆ ನಾಡಿದ್ದು ಎನ್ನುವ ಆಳುಗಳನ್ನು ಕಾಯದೆ ಈ ಸಲ ನಾನೇ ಮಣ್ಣು ಹಾಕುತ್ತೇನೆಂದು ಹಟ ಹಿಡಿದಿದ್ದೆ. ಅರ್ಧ ಮಾಳಿಗೆಗೆ ಕೆಂಪು ಮಣ್ಣು ಹರಡಿಯೂ ಆಗಿತ್ತು.

ಅಲ್ಲಿಗೇ ಬಿಟ್ಟು ಆಳು ಕರೆಯಬಹುದಿತ್ತು. ಕರೆಯಲಿಲ್ಲ. ಹರಡಿದ್ದನ್ನೆಲ್ಲ ಕೆರೆದು ಕೆಳಗಿಳಿಸಿದೆ. ಹಳ್ಳದ ದಂಡೆಯಿಂದ ಚೌಳು ತಂದು, ಪ್ರತಿ ಬುಟ್ಟಿಯನ್ನೂ ನಾಲಿಗೆಗೆ ಹಚ್ಚಿ ನೋಡಿಯೇ ಮೇಲೇರಿಸಿದೆ. ನಾಲ್ಕು ದಿನ ಉಂಡ ಮುದ್ದೆಯೂ ಚೌಳೆನಿಸಿತು.

ಆ ಮಳೆಗಾಲ ನನ್ನ ಹೊಲಿಗೆ ಮಷಿನ್ ಮೇಲೆ ಒಂದು ಹನಿಯೂ ಬೀಳಲಿಲ್ಲ. ಮರುವರ್ಷ ಪಕ್ಕದ ಮನೆಯಾಕೆ ಹಿಡಿ ಮಣ್ಣು ತಂದು, “ಅಕ್ಕಾ, ಇದು ನಡೀತೈತೇನು ನೋಡ್ರಿ” ಎಂದಳು. ನಾನು ಮಷಿನ್ ನಿಲ್ಲಿಸಿ ಬಾಯಿ ತೆರೆದೆ.