ಹೆಸರು ಕಳಕೊಂಡ ಇನ್ನೂರ ಹದಿನಾಲ್ಕು ಕಾಲುಗಳು

ಬೆಳಗಿನ ಐದೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಮೂಲೆಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಅಂಗೈಯಗಲದ ಲೋಹದ ಡಬ್ಬಿಯೊಂದಕ್ಕೆ ಕಿವಿಯೊಡ್ಡಿ ಕೂತಿದ್ದಾರೆ. ಫ್ಯಾನು ಆರಿಸಿದೆ. ಕಿಟಕಿ ಮುಚ್ಚಿದೆ. ಡಬ್ಬಿಯೊಳಗಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು, ನಡುನಡುವೆ ಒಂದು ಟಿಕ್. ಟಿಕ್ ಎಂದಾಗಲೆಲ್ಲ ಅವರ ಹುಬ್ಬು ಗಂಟಿಕ್ಕುತ್ತದೆ. ಬಾಗಿಲಲ್ಲಿ ನಿಂತವರು ಏನೋ ಕೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಾರೆ. "ಒಂದ್ನಿಮಿಷ ಇರಿ. ಇದಕ್ಕೆ ಹುಷಾರಿಲ್ಲ."

ಡಬ್ಬಿಯೆಂದರೆ ಕಂಪ್ಯೂಟರಿನ ಹಾರ್ಡ್ ಡಿಸ್ಕು. ಕೆಟ್ಟುಹೋದ ಡಿಸ್ಕುಗಳಿಂದ ಜನರ ದಾಖಲೆ ಹೊರತೆಗೆದುಕೊಡುವುದು ಇವರ ಕಸುಬು. ಬಾಗಿಲಿಗೆ ಬೋರ್ಡಿಲ್ಲ. ಕೆಳಮಹಡಿಯ ಮುದ್ರಣಾಲಯದವರು ಎಂದೋ ಡಿಸ್ಕಕ್ಕ ಎಂದು ಕರೆದರು, ಅದೇ ನಿಂತಿತು. ಎಂಟು ಗಂಟೆಗೆ ಆ ಮುದ್ರಣಾಲಯದ ಯಂತ್ರ ಶುರುವಾದರೆ ಇವರ ಮೇಜು ನಡುಗುತ್ತದೆ. ಕಾಯಿಲೆಬಿದ್ದ ಡಿಸ್ಕಿಗೆ ಆ ನಡುಕ ಆಗದು. ಹಾಗಾಗಿ ಹದಿನೇಳು ವರ್ಷದಿಂದ ಇವರ ಮುಖ್ಯ ಕೆಲಸವೆಲ್ಲ ಬೆಳಗಿನ ಮೂರು ತಾಸಿನೊಳಗೇ ಮುಗಿಯಬೇಕು. ಶಾಲೆಯಲ್ಲಿ ಭೂಗೋಳ ಪಾಠ ಮಾಡುವ ಗಂಡನಿಗೆ ಇದೊಂದು ತಮಾಷೆಯ ವಿಷಯ. "ಮನೇಲಿ ನಾನು ಹತ್ತು ಸಲ ಕರೆದ್ರೂ ಇವಳಿಗೆ ಕೇಳ್ಸಲ್ಲ. ಡಿಸ್ಕು ಒಂದ್ಸಲ ಕೆಮ್ಮಿದ್ರೆ ಪಕ್ಕದ ರೂಮಿಂದ ಎದ್ದು ಓಡ್ತಾಳೆ" ಎನ್ನುತ್ತಾರೆ.

ವಾರಕ್ಕೆ ನಾಲ್ಕೈದು ಡಿಸ್ಕು ಬರುತ್ತವೆ. ಹತ್ತರಲ್ಲಿ ಏಳು ಪೂರ್ತಿ ಉಳಿಯುತ್ತವೆ, ಎರಡು ಅರ್ಧಂಬರ್ಧ, ಒಂದರಿಂದ ಏನೂ ಸಿಗುವುದಿಲ್ಲ. ಲೆಕ್ಕವನ್ನು ಅವರು ಮುಚ್ಚಿಡುವುದಿಲ್ಲ, ಬಂದವರಿಗೆ ಮೊದಲೇ ಹೇಳಿಬಿಡುತ್ತಾರೆ. "ಆ ಒಂದರ ಯಜಮಾನ್ರಿಗೆ ಫೋನ್ ಮಾಡೋ ದಿನ ನಂಗೆ ಊಟ ಸೇರಲ್ಲ."

ಕಲಿತದ್ದು ಕಾಲೇಜಿನಲ್ಲಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿಯಲ್ಲಿ ರಸೀತಿ ಬರೆಯಲು ಸೇರಿದವರು. ಯಜಮಾನ ಊಟಕ್ಕೆ ಹೋದಾಗ ಸ್ಕ್ರೂಡ್ರೈವರ್ ಎತ್ತಿಕೊಂಡರು, ಆಮೇಲೆ ಕೆಳಗಿಡಲಿಲ್ಲ. ಆದರೆ ಪಾಠ ಕಲಿಸಿದ್ದು ಸ್ವಂತ ಅಕ್ಕನ ಡಿಸ್ಕು. ಅಕ್ಕನ ಮದುವೆಯ ಫೋಟೊಗಳಿದ್ದ ಆ ಡಿಸ್ಕನ್ನು, ಒಳಗೇನಿದೆ ನೋಡೇಬಿಡೋಣ ಎಂಬ ಹುಮ್ಮಸ್ಸಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮುಚ್ಚಳ ಬಿಚ್ಚಿದ್ದರು. ಕಣ್ಣಿಗೆ ಕಾಣದ ಧೂಳು ಸಾಕಾಯಿತು. ಮುಚ್ಚಳ ಹಾಕಿ ಮತ್ತೆ ಚಾಲೂ ಮಾಡಿದ ಹತ್ತೇ ನಿಮಿಷಕ್ಕೆ ಡಿಸ್ಕಿನ ಮೈಯೆಲ್ಲ ಗೀರು. "ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ಲು. ಬಿಟ್ಟಿದ್ದು ಸರೀನೇ" ಎಂದು ಡಿಸ್ಕಕ್ಕ ಈಗಲೂ ತಲೆ ತಗ್ಗಿಸುತ್ತಾರೆ. ಅಂದಿನಿಂದ ಒಂದು ಕಟ್ಟುಪಾಡು: ಯಾವ ಡಿಸ್ಕು ಬಂದರೂ ಮೊದಲು ಅದು ಪೆಟ್ಟಿಗೆಯಲ್ಲಿ ಯಾವ ಜಾಗದಲ್ಲಿತ್ತು, ಜೋಡಿಯಿದ್ದರೆ ಎಡಗಡೆಯೋ ಬಲಗಡೆಯೋ ಎಂದು ಚೀಟಿ ಅಂಟಿಸಬೇಕು, ಆಮೇಲೆ ಇಡೀ ಡಿಸ್ಕಿನ ಪ್ರತಿ ತೆಗೆಯಬೇಕು, ಏನೇ ಪ್ರಯೋಗವಿದ್ದರೂ ಪ್ರತಿಯ ಮೇಲೆ. ಮೂಲವನ್ನು ಮುಟ್ಟುವಂತಿಲ್ಲ.

ಕಳೆದ ತಿಂಗಳು ಬಂದ ಎರಡು ಡಿಸ್ಕುಗಳಿಗೆ ಆ ಚೀಟಿ ಅಂಟಿಸುವ ಹೊತ್ತಿಗೆ ಕಾಲ ಮಿಂಚಿತ್ತು. ತಂದವರು ಕೃತಕ ಕಾಲು ತಯಾರಿಸುವ ಕಾರ್ಯಾಗಾರದ ಮೇಸ್ತ್ರಿ, ಜೊತೆಗೆ ಅವರ ಬಾಮೈದ. ಮೇಸ್ತ್ರಿಯ ಮುಖದಲ್ಲಿ ಕಳೆಯಿರಲಿಲ್ಲ. ಬಾಮೈದ ನೆಲ ನೋಡುತ್ತಿದ್ದ.

ಆದದ್ದಿಷ್ಟು. ಕಾರ್ಯಾಗಾರದ ಅಳತೆಗಳೆಲ್ಲ ಒಂದು ಪೆಟ್ಟಿಗೆಯಲ್ಲಿದ್ದವು. ಒಳಗೆ ಎರಡು ಡಿಸ್ಕು. ಬರೆದದ್ದೆಲ್ಲ ಏಕಕಾಲಕ್ಕೆ ಎರಡರಲ್ಲೂ ಕೂರುತ್ತದೆ, ಒಂದು ಕೈಕೊಟ್ಟರೆ ಇನ್ನೊಂದಿದೆ ಎಂಬ ಧೈರ್ಯ. ಎಂಟು ತಿಂಗಳ ಹಿಂದೆ ಬಲಗಡೆಯದು ಕೈಕೊಟ್ಟಿತು. ಪೆಟ್ಟಿಗೆ ತನ್ನ ಧರ್ಮದಂತೆ ಬೀಪ್ ಬೀಪ್ ಎಂದು ಬಡಕೊಂಡಿತು. ಕೆಲಸದ ನಡುವೆ ಇದೇನು ಕಿರಿಕಿರಿ ಎಂದು, ಕೃತಕ ಕಾಲಿನ ಒಳಮೈಗೆ ಹಚ್ಚುವ ಮೆತ್ತನೆಯ ಫೋಮನ್ನೇ ಕತ್ತರಿಸಿ ಸದ್ದು ಬರುವ ತೂತಿಗೆ ಅಂಟಿಸಿಬಿಟ್ಟರು. ಕಾಲಿನವರ ಕೆಲಸವೆಂದರೆ ಅಚ್ಚುಕಟ್ಟು, ಚೂರೂ ಸದ್ದು ಬರಲಿಲ್ಲ. ಎಂಟು ತಿಂಗಳು ಎಡಗಡೆಯ ಡಿಸ್ಕೊಂದೇ ದುಡಿದು, ಕೊನೆಗೆ ಅದೂ ತತ್ತರಿಸಿತು.

ಆಗ ಬಾಮೈದ ಮುಂದೆ ಬಂದ. ಎಡಗಡೆಯದನ್ನು ಕಿತ್ತಿಟ್ಟು, ಬಲಗಡೆಯದೊಂದರಿಂದಲೇ ಪೆಟ್ಟಿಗೆ ಚಾಲೂ ಮಾಡಿದ. ಎಂಟು ತಿಂಗಳು ಮಲಗಿದ್ದ ಡಿಸ್ಕು ಎದ್ದು ಕೂತಿತು! ಎಲ್ಲರಿಗೂ ಖುಷಿಯೋ ಖುಷಿ. ಖುಷಿಯಲ್ಲೇ ಎಡಗಡೆಯದನ್ನೂ ವಾಪಸು ಸಿಕ್ಕಿಸಿದ. ಸರಿಪಡಿಸಲೇ ಎಂದು ಪೆಟ್ಟಿಗೆ ಕೇಳಿತು, ಹೂಂ ಎಂದ. ಬಲಗಡೆಯದರಲ್ಲಿದ್ದ ಎಂಟು ತಿಂಗಳ ಹಿಂದಿನ ದಾಖಲೆಯನ್ನು ಎಡಗಡೆಯದರ ಮೇಲೆ ಮೊದಲಿನಿಂದ ಬರೆಯತೊಡಗಿತು. ನೂರಕ್ಕೆ ಮೂರು ಪಾಲು ಮುಗಿಯುವಷ್ಟರಲ್ಲಿ ಎಡಗಡೆಯ ಡಿಸ್ಕು ಮತ್ತೆ ತತ್ತರಿಸಿ ನಿಂತುಬಿಟ್ಟಿತು, ಪುಣ್ಯಕ್ಕೆ. ನಿಲ್ಲದಿದ್ದರೆ ಎಲ್ಲವೂ ಅಳಿಸಿಹೋಗುತ್ತಿತ್ತು. "ಜನ ಎರಡು ಡಿಸ್ಕಿದೆ ಅಂದ್ರೆ ಎರಡು ಜೀವ ಇದೆ ಅಂದ್ಕೋತಾರೆ" ಎನ್ನುತ್ತಾರೆ ಡಿಸ್ಕಕ್ಕ. "ಅದು ಬರೀ ಕನ್ನಡಿ ರೀ. ನೀವು ಮುಖಕ್ಕೆ ಮಸಿ ಬಳ್ಕೊಂಡ್ರೆ ಅದೂ ಬಳ್ಕೊಳ್ಳುತ್ತೆ. ಬೇರೆ ಕಡೆ ಒಂದು ಪ್ರತಿ ಇಡಿ ಅಂತ ಬಾಯಿ ನೋಯೋವರೆಗೂ ಹೇಳ್ತೀನಿ."

ಬಾಮೈದನಿಗೆ ಬಯ್ದರಾ ಎಂದರೆ ಅವರು ನಗುತ್ತಾರೆ. "ಅವನ ಮುಖ ನೋಡಿ ಬಯ್ಯಕ್ಕೆ ಮನಸ್ಸು ಬರ್ಲಿಲ್ಲ. ಟೀ ಕೊಟ್ಟೆ."

ಹೋಗಿದ್ದು ಎಂಟು ತಿಂಗಳ ಅಳತೆ, ಅರವತ್ತೊಂದು ಜನರದ್ದು. ಮತ್ತೆ ಅಳೆದರಾಯಿತಲ್ಲ ಎಂದು ಕೇಳಬಹುದು. ಅದು ಅಷ್ಟು ಸುಲಭವಲ್ಲ ಎನ್ನುತ್ತಾರೆ ಮೇಸ್ತ್ರಿ. ಕತ್ತರಿಸಿದ ಕಾಲಿಗೆ ಕೂರುವ ತೊಟ್ಟಿಲಿನಂಥ ಭಾಗ ಒಂದೇ ಅಳತೆಗೆ ಒಗ್ಗುವುದಿಲ್ಲ. ತೊಡಿಸಬೇಕು, ನಡೆಸಬೇಕು, ಎಲ್ಲಿ ನೋವೆಂದು ಕೇಳಬೇಕು, ಅಲ್ಲಿ ಕೂದಲೆಳೆಯಷ್ಟು ಕೆತ್ತಬೇಕು, ಕೆತ್ತಿದ ಆಕೃತಿಯ ಅಳತೆಯನ್ನು ಪ್ರತಿ ಸಲವೂ ಪೆಟ್ಟಿಗೆಗೆ ಸೇರಿಸಬೇಕು. ಒಬ್ಬೊಬ್ಬರಿಗೆ ಮೂರು ಸಲ, ನಾಲ್ಕು ಸಲ. ಊರಿಗೆ ಅಂಚೆ ಹಂಚುವ ಒಬ್ಬಾಕೆಗೆ ಏಳು ಸಲವಾಗಿತ್ತು. ಆರನೆಯದು ಚರ್ಮ ಸುಲಿದು ಹುಣ್ಣು ಮಾಡಿತ್ತು. ಏಳನೆಯದು ಒಗ್ಗಿತ್ತು. ಪರೀಕ್ಷೆಗೆಂದು ಮಾಡಿದ್ದ ಅಚ್ಚನ್ನು ಪದ್ಧತಿಯಂತೆ ಒಡೆದುಹಾಕಿದ್ದರು, ನಿಜವಾದ ಕಾಲು ಮಾಡಲು ಆ ಏಳನೆಯ ಅಳತೆಯೇ ಬೇಕು. ಒಂದನೇ ತಾರೀಖಿನೊಳಗೆ ನಡೆದು ಬರದಿದ್ದರೆ ಬೀದಿ ಬೇರೆಯವರಿಗೆ ಎಂದು ಅಂಚೆ ಕಚೇರಿ ಹೇಳಿಬಿಟ್ಟಿತ್ತು. ಹತ್ತೊಂಬತ್ತು ವರ್ಷ ನಡೆದ ಬೀದಿ ಅದು. ಉಳಿದದ್ದು ಇಪ್ಪತ್ತಮೂರು ದಿನ. ಮತ್ತೆ ಮೊದಲಿನಿಂದ ಶುರು ಮಾಡಿದರೆ ನಾಲ್ಕು ತಿಂಗಳು, ಮತ್ತದೇ ಹುಣ್ಣು.

ಡಿಸ್ಕಕ್ಕ ಎಡಗಡೆಯ ಡಿಸ್ಕಿನ ಪ್ರತಿ ತೆಗೆಯಲು ಕೂತರು. ಆರೋಗ್ಯವಾಗಿರುವ ಜಾಗ ಮೊದಲು, ನೋಯುವ ಜಾಗ ಕೊನೆಗೆ, ಇದು ಅವರ ಕ್ರಮ. ಐದು ಬೆಳಗು ಹಿಡಿಯಿತು. ಬಲಗಡೆಯದರಲ್ಲಿ ಇಲ್ಲದ ಆಕೃತಿಗಳನ್ನು ಬೇರ್ಪಡಿಸಿದರೆ ಇನ್ನೂರ ಹದಿಮೂರು ಸಿಕ್ಕವು. ಆದರೆ ಯಾವುದಕ್ಕೂ ಹೆಸರಿಲ್ಲ. ಹೆಸರಿನ ಪಟ್ಟಿ ಇದ್ದದ್ದು ಡಿಸ್ಕಿನ ಆರಂಭದಲ್ಲಿ, ಬಾಮೈದ ಹೂಂ ಎಂದಾಗ ಅಳಿಸಿಹೋದದ್ದು ಆ ಭಾಗವೇ.

ಹದಿನೇಳು ವರ್ಷದ ಅನುಭವಕ್ಕೂ ಅಲ್ಲಿ ದಾರಿ ಕಾಣಲಿಲ್ಲ. ತೋಚದೆ ಮೇಸ್ತ್ರಿಯನ್ನು ಕರೆಸಿ, ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿ, ಮೊದಲ ಆಕೃತಿ ಪರದೆಗೆ ತಂದರು. ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಇದು ಕ್ಷೌರದವರದ್ದು. ಇಡೀ ದಿನ ನಿಂತೇ ಇರ್ತಾರೆ, ಹಿಂದುಗಡೆ ಊತ ನೋಡಿ. ಮೂರನೇ ಸಲದ್ದು."

"ಅಷ್ಟು ಖಾತ್ರೀನಾ?"

"ನನ್ನ ಕೈಯಲ್ಲಿ ಕೆತ್ತಿದ್ದಲ್ವೇನಮ್ಮಾ? ಮುಂದಿಂದು ತೋರ್ಸಿ."

ಎರಡು ಬೆಳಗು ಹೀಗೇ ನಡೆಯಿತು. ಮೇಸ್ತ್ರಿ ನೋಡುವುದು, ಗಾಳಿಯಲ್ಲೇ ಹೆಬ್ಬೆರಳಾಡಿಸಿ ತಡವುವುದು, ಹೇಳುವುದು, ಡಿಸ್ಕಕ್ಕ ಬರೆದುಕೊಳ್ಳುವುದು. ಬೇಕರಿಯವರು, ಈಜು ಕಲಿಸುವ ಮೇಷ್ಟ್ರು, ಅವಳಿ ಮಕ್ಕಳ ತಾಯಿ. ಹೇಳಿದ್ದು ನಿಜವೇ ಎಂದು ಡಿಸ್ಕಕ್ಕ ಅವರಿಗೆ ಗೊತ್ತಾಗದಂತೆ ಹತ್ತು ಆಕೃತಿಗಳನ್ನು ಎರಡನೇ ಸಲ ತೋರಿಸಿದರು. ಹತ್ತಕ್ಕೆ ಹತ್ತೂ ಅದೇ ಉತ್ತರ. ಹನ್ನೊಂದನೆಯದನ್ನೂ ಹಾಗೇ ತೋರಿಸಿದಾಗ ಮೇಸ್ತ್ರಿ, "ಇದನ್ನ ಆಗ್ಲೇ ತೋರಿಸಿದ್ರಲ್ಲ, ನಿದ್ದೆ ಬಂತಾ?" ಎಂದು ಕೇಳಿಬಿಟ್ಟರು.

ಕೊನೆಗೆ ಅಂಚೆಯಾಕೆಯ ಸರದಿ. ಒಂದರಿಂದ ಆರರವರೆಗೆ ಸಿಕ್ಕವು, ಏಳನೆಯದಿಲ್ಲ. ಮೇಸ್ತ್ರಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಡಿಸ್ಕಕ್ಕ ಹೇಳುತ್ತಾರೆ: "ಉಳಿದಿದ್ದು ನೋಯೋ ಜಾಗ ಮಾತ್ರ. ಅಲ್ಲಿಗೆ ಕೈ ಹಾಕಿದ್ರೆ ಡಿಸ್ಕು ಪೂರ್ತಿ ಸಾಯ್ಬಹುದು. ಉಳಿದೋರದ್ದೆಲ್ಲ ಆಗ್ಲೇ ಪ್ರತೀಲಿ ಭದ್ರವಾಗಿತ್ತು. ಇನ್ನೇನು ಯೋಚ್ನೆ ಮಾಡೋದು?"

ಮಾರನೇ ಬೆಳಗ್ಗೆ ನಾಲ್ಕೂವರೆಗೇ ಕೂತರು. ಒಂದೇ ತುಣುಕನ್ನು ಓದಿಸುವುದು, ಡಿಸ್ಕಿಗೆ ವಿರಾಮ ಕೊಡುವುದು, ಮತ್ತೆ ಓದಿಸುವುದು. ಮೊದಲ ದಿನ ಏನೂ ಬರಲಿಲ್ಲ. ಎರಡನೇ ದಿನ ಏಳೂಮುಕ್ಕಾಲಿಗೆ, ಕೆಳಗೆ ಮುದ್ರಣಾಲಯದ ಶಟರ್ ಎತ್ತುವ ಸದ್ದು ಕೇಳುವಾಗ, ಪರದೆಯಲ್ಲಿ ಇನ್ನೂರ ಹದಿನಾಲ್ಕನೆಯ ಆಕೃತಿ ಮೂಡಿತು. ಮೇಸ್ತ್ರಿಗೆ ತೋರಿಸಿದಾಗ ಅವರು ಒಳಅಂಚಿನ ಒಂದು ಜಾಗಕ್ಕೆ ಬೆರಳಿಟ್ಟು, "ಇಲ್ಲೇ ಕೆತ್ತಿದ್ದು. ಏಳನೇದೇ" ಎಂದರು. ಇಬ್ಬರ ಕಣ್ಣಲ್ಲೂ ನೀರು. ಬಾಮೈದ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತನಂತೆ. ಡಿಸ್ಕು ಮರುದಿನ ಸತ್ತುಹೋಯಿತು.

ಅಂಚೆಯಾಕೆಗೆ ಇದ್ಯಾವುದೂ ತಿಳಿಯದು. ಕಾಲು ಸ್ವಲ್ಪ ತಡವಾಗಿ ಸಿಕ್ಕಿತು, ಅಷ್ಟೇ. ಕರೆತಂದು ಪರಿಚಯ ಮಾಡಿಸುತ್ತೇನೆ ಎಂದು ಮೇಸ್ತ್ರಿ ಹೇಳಿದಾಗ ಡಿಸ್ಕಕ್ಕ ಒಪ್ಪಲಿಲ್ಲ. "ಬಂದು ಏನ್ಮಾಡ್ಬೇಕು ಪಾಪ? ಮೂರು ಮಹಡಿ ಹತ್ತಿ ನಂಗೆ ನಮಸ್ಕಾರ ಹೇಳ್ಬೇಕಾ?" ಆದರೆ ಬೀದಿ ಯಾವುದೆಂದು ಮಾತ್ರ ಕೇಳಿಟ್ಟುಕೊಂಡಿದ್ದರು. ಎರಡನೇ ತಾರೀಖು ಕೆಲಸ ಬೇಗ ಮುಗಿಸಿ, ಆ ಬೀದಿಯ ಬಸ್‌ಸ್ಟಾಪಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತರು. ಬಸ್ಸುಗಳು ಬಂದವು, ಹೋದವು. ಕೊನೆಗೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬಾಕೆ ಮೂಲೆ ತಿರುಗಿ ಬಂದರು.

ಹೇಗೆ ನಡೆಯುತ್ತಿದ್ದರು ಎಂದು ಕೇಳಿದರೆ ಡಿಸ್ಕಕ್ಕನ ಮುಖ ಅರಳುತ್ತದೆ, ಕೂಡಲೇ ಹುಸಿಮುನಿಸು ಬರುತ್ತದೆ.

"ಎಲ್ಲಿ ನೋಡಕ್ಕೆ ಬಿಟ್ರು ರೀ? ಬಿರಬಿರ ಅಂತ ಹೋಗೇಬಿಟ್ರು."