ಎಡಗಡೆಯ ಗಿಟಾರು

ಇಂಥ ಸಂಗತಿಗಳನ್ನು ನಂಬುವವಳು ನಾನಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸೆಲ್ವಿಯಕ್ಕ, ತೀರಿಹೋದ ತನ್ನ ಗಂಡ ಅಮಾವಾಸ್ಯೆಗೆ ಬಂದು ಕುಡಿಯಲು ನೀರು ಕೇಳುತ್ತಾನೆ ಎಂದು ಹೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ನಕ್ಕು ಬರುತ್ತಿದ್ದೆ. ಈಗ ನನ್ನದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಹೋದ ತಿಂಗಳು ಅಮ್ಮ ತೀರಿಕೊಂಡಳು. ಅವಳಿಗೆ ಹೇಳಬೇಕಾಗಿದ್ದ ಒಂದು ವಿಷಯವನ್ನು ಹೇಳದೆ ಉಳಿಸಿಕೊಂಡೆ. ಇದನ್ನು ಬರೆಯಲು ಬೇರೆ ಕಾರಣವಿಲ್ಲ.

ಗಿರೀಶ ನನ್ನ ತಮ್ಮ. ಮನೆಯಲ್ಲಿ ಗಿರಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅವನು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದ. ನಾನು ಪಿಯುಸಿ ಮುಗಿಸಿ ಅಲ್ಲಿಯ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಗಿರಾಕಿಗಳು ಬಿಡಿಸಿ ಹಾಕಿದ ಸೀರೆಗಳನ್ನು ಮತ್ತೆ ಮಡಿಸಿಡುವುದೇ ದಿನವಿಡೀ ಕೆಲಸ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು.

ಅವನ ಸಹಪಾಠಿ ರಿಯಾಜ್ ಎಂಬ ಹುಡುಗ ಒಂದು ಕ್ಯಾಸೆಟ್ ಮಾಡಿಕೊಟ್ಟಿದ್ದ. ರಿಯಾಜನ ಅಣ್ಣ ದುಬೈಯಲ್ಲಿದ್ದ. ಅವನು ತಂದಿದ್ದ ಒಂದು ವಿದೇಶಿ ಬ್ಯಾಂಡಿನ ಮೊದಲ ಎರಡು ಆಲ್ಬಮ್‌ಗಳನ್ನು ಇವನು ಒಂದೇ ಕ್ಯಾಸೆಟ್ಟಿನ ಎರಡು ಬದಿಗೆ ಇಳಿಸಿದ್ದ. ಆ ಬ್ಯಾಂಡಿನ ಹೆಸರನ್ನು ಬರೆಯುವುದಿಲ್ಲ. ಪ್ರೋಗ್ರೆಸಿವ್ ಮೆಟಲ್ ಎನ್ನುತ್ತಾರೆ ಅಂಥ ಸಂಗೀತಕ್ಕೆ. ಮೊದಲ ಸಲ ಕೇಳಿದಾಗ ನನಗೆ ತಗಡಿನ ಡಬ್ಬ ಬಡಿದಂತೆ ಅನಿಸಿತ್ತು. ಆದರೆ ಹಾಡುಗಳು ದೊಡ್ಡವು, ಹತ್ತು ನಿಮಿಷ, ಹನ್ನೆರಡು ನಿಮಿಷ. ನಡುವೆ ತಾಳ ಬದಲಾಗುತ್ತದೆ. ಏಳು ಪೆಟ್ಟಿಗೆ ಹೋಗುತ್ತದೆ, ಮತ್ತೆ ತಿರುಗಿ ಬರುತ್ತದೆ. ಏಳು ಪೆಟ್ಟಿನ ತಾಳ ಅಮ್ಮನ ಭಜನಾ ಮಂಡಳಿಯಿಂದಾಗಿ ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದಲೇ ನನಗೆ ಆ ಹಾಡುಗಳು ಹಿಡಿದವು. ಕೊನೆಗೆ ಗಿರಿಗಿಂತ ಹೆಚ್ಚಿನ ಹುಚ್ಚು ನನಗೇ ಹತ್ತಿತು. ಬೆಳಿಗ್ಗೆ ಎರಡನೆಯ ಆಲ್ಬಮ್ ಆಗಲಿ, ಸಂಜೆಗೆ ಮಾತ್ರ ಮೊದಲನೆಯದೇ ಬೇಕು ಎಂದು ಹಟ ಹಿಡಿದವಳು ನಾನು.

ನಮ್ಮಲ್ಲಿದ್ದದ್ದು ಒಂದೇ ವಾಕ್‌ಮನ್, ಒಂದೇ ಇಯರ್‌ಫೋನ್. ಕಿಟಕಿ ಗಾಳಿಗೆ ನನಗೆ ತಲೆನೋವು ಬರುತ್ತಿದ್ದುದರಿಂದ ಎರಡು ಸೀಟಿನ ಸಾಲಿನಲ್ಲಿ ಕಿಟಕಿಯ ಕಡೆ ಅವನು ಕೂರುತ್ತಿದ್ದ, ನಾನು ಅವನ ಬಲಕ್ಕೆ. ಎಡಗಿವಿಗೆ ಹಾಕುವ ತುದಿ ಅವನಿಗೆ, ಬಲಗಿವಿಯದು ನನಗೆ. ಆ ರೆಕಾರ್ಡಿಂಗಿನಲ್ಲಿ ಎರಡು ಗಿಟಾರುಗಳಿವೆ, ಒಂದು ಬಲಗಡೆಗೆ, ಒಂದು ಎಡಗಡೆಗೆ. ಡ್ರಮ್ಮು, ಹಾಡುವ ಧ್ವನಿ ಎರಡೂ ಕಡೆ ಕೇಳುತ್ತವೆ. ಹಾಗಾಗಿ ನನಗೆ ಗೊತ್ತಿದ್ದದ್ದು ಬಲಗಡೆಯ ಗಿಟಾರು ಮಾತ್ರ. ಎಡಗಡೆಯದು ಗಿರಿಯ ಪಾಲು ಎಂದುಕೊಂಡಿದ್ದೆ. ಮನೆಯಲ್ಲಿ ಕ್ಯಾಸೆಟ್ ಹಾಕುವಂತಿರಲಿಲ್ಲ. ಅಪ್ಪನಿಗೆ ರಾತ್ರಿ ಪಾಳಿ, ಹಗಲು ನಿದ್ದೆ.

ಬಸ್ಸು ಹೊರಟ ಕೂಡಲೇ ಗಿರಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಅಕ್ಕ, ನಿಂಗೆ ಸರಿಯಾಗಿ ಕೇಳ್ತಿದ್ಯಾ?"

"ಕೇಳ್ತಿದೆ ಮಾರಾಯ. ದಿನಾ ಎಷ್ಟು ಸಲ ಕೇಳ್ತೀಯ?"

ಆಮೇಲೆ ಅವನು ನನ್ನ ತೊಡೆಯ ಮೇಲಿದ್ದ ಬ್ಯಾಗಿನ ಮೇಲೆ ಬೆರಳಿನಿಂದ ತಾಳ ಹಾಕಿಕೊಂಡು ಬರುತ್ತಿದ್ದ. ಮೊದಲ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಒಂದು ಜಾಗವಿದೆ. ಎಲ್ಲ ನಿಂತು ಬರೀ ಡ್ರಮ್ ಉಳಿಯುತ್ತದೆ, ಏಳು ಪೆಟ್ಟಿನ ಸುತ್ತು. ಬಲಗಡೆಯಲ್ಲಿ ಬಹಳ ಹೊತ್ತು ಬೇರೇನೂ ಇಲ್ಲ. ನಾನು ಕಾಲಿನಲ್ಲಿ ಪೆಟ್ಟು ಎಣಿಸುತ್ತಾ ಕೂರುತ್ತಿದ್ದೆ. ಅಲ್ಲಿ ಎಡಗಡೆ ಗಿಟಾರು ಶುರುವಾಗುತ್ತದೆ ಎಂದು ಗಿರಿ ಹೇಳಿದ್ದ. ಅದು ಬರುವಾಗ ಬ್ಯಾಗಿನ ಮೇಲೆ ಜೋರಾಗಿ ತಟ್ಟುತ್ತಿದ್ದ. ಆದರೆ ಅವನ ತಟ್ಟು ಸುತ್ತಿನ ಮೊದಲ ಪೆಟ್ಟಿಗೆ ಬೀಳುತ್ತಿರಲಿಲ್ಲ, ಎರಡನೆಯದಕ್ಕೆ ಬೀಳುತ್ತಿತ್ತು. ದಿನವೂ ಹಾಗೆಯೇ.

"ಒಂದು ಪೆಟ್ಟು ಲೇಟು ಕಣೋ. ಕಿವುಡ."

"ನಿನ್ನ ಕಾಲೇ ಮುಂದೆ ಓಡುತ್ತೆ," ಎಂದು ನಗುತ್ತಿದ್ದ.

ಕಿವುಡ ಎಂಬ ಹೆಸರು ಹಾಗೆಯೇ ನಿಂತುಬಿಟ್ಟಿತು. ಮನೆಯಲ್ಲಿಯೂ ಅದೇ ಹೆಸರಿನಿಂದ ಕರೆಯುತ್ತಿದ್ದೆ. ಕೂಗಿದರೆ ಓ ಎನ್ನುತ್ತಿದ್ದ.

ಆ ವರ್ಷ ಮಳೆಗಾಲ ಕಳೆದ ಮೇಲೆ ಅವನಿಗೆ ಕಾಮಾಲೆಯಾಯಿತು. ಮೊದಲು ಊರಿನ ಸೊಪ್ಪಿನ ಔಷಧಿ, ಆಮೇಲೆ ಶಿವಮೊಗ್ಗದ ಆಸ್ಪತ್ರೆ. ಅಲ್ಲಿಂದ ಅವನು ತಿರುಗಿ ಬರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗದು.

ತಿಥಿ ಮುಗಿದು ನಾನು ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಇದು ನಡೆದದ್ದು. ಬೆಳಿಗ್ಗೆ ವಾಕ್‌ಮನ್ನನ್ನು ಬ್ಯಾಗಿಗೆ ಹಾಕಿಕೊಂಡದ್ದು ಯಾಕೆಂದು ಗೊತ್ತಿಲ್ಲ. ಸಾವಿನ ಮನೆ, ಟಿವಿಯ ಮೇಲೆ ಬಟ್ಟೆ ಮುಚ್ಚಿತ್ತು, ವರ್ಷವಿಡೀ ಹಬ್ಬವಿಲ್ಲ. ಹಾಡು ಕೇಳಬಾರದೆಂದು ನನಗೆ ತಿಳಿಯದ್ದೇನಲ್ಲ. ಹೋಗುವಾಗ ಅದನ್ನು ಮುಟ್ಟಲಿಲ್ಲ.

ಸಂಜೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಎಂದಿನಂತೆ ನೂಕುನುಗ್ಗಲು. ಬಸ್ಸು ಬಂದು ನಿಲ್ಲುವ ಮೊದಲೇ ಓಡಿಹೋಗಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವುದು ಗಿರಿಯ ಕೆಲಸವಾಗಿತ್ತು. ಅಂದು ನಾನೇ ಓಡಿದೆ, ನನ್ನ ಕರ್ಚೀಫ್ ಎಸೆದೆ. ಒಳಗೆ ಹತ್ತಿದ ಮೇಲೆ ಅದನ್ನು ಎತ್ತಿಕೊಂಡು ಕಿಟಕಿಯ ಪಕ್ಕ ಕೂರಬೇಕಿತ್ತು. ನಾನು ಕೂತದ್ದು ನನ್ನ ಮಾಮೂಲಿ ಜಾಗದಲ್ಲಿ. ಕರ್ಚೀಫ್ ಕಿಟಕಿಯ ಸೀಟಿನ ಮೇಲೇ ಉಳಿಯಿತು.

ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು ಬಂದು ಕೇಳಿದಳು, "ಅಲ್ಲಿ ಯಾರಾದ್ರೂ ಬರ್ತಾರೇನಮ್ಮ?"

"ಬರ್ತಾರೆ," ಎಂದೆ.

ಬೇಕೆಂದೇ ಹೇಳಿದ ಸುಳ್ಳಲ್ಲ ಅದು. ದಿನವೂ ಹೇಳುತ್ತಿದ್ದ ಮಾತು, ಬಾಯಿಗೆ ಬಂತು. ವಾಪಸು ತೆಗೆದುಕೊಳ್ಳಬೇಕೆನ್ನುವಷ್ಟರಲ್ಲಿ ನಮ್ಮನ್ನು ದಿನವೂ ನೋಡುತ್ತಿದ್ದ ಕಂಡಕ್ಟರ್ ಬಾಗಿಲ ಬಳಿಯಿಂದಲೇ ಕೂಗಿದ.

"ಅಲ್ಲಿ ಅವ್ರ ತಮ್ಮ ಕೂರ್ತಾನಮ್ಮ. ಹಿಂದೆ ಹೋಗಿ."

"ಬಸ್ ಹೊರಟೇಬಿಡ್ತಲ್ಲ ಮಾರಾಯ. ಇನ್ನೇನು ಹಾರಿ ಬರ್ತಾನಾ?" ಎಂದು ಗೊಣಗುತ್ತಾ ಅವಳು ಹಿಂದೆ ಹೋದಳು.

ಕಂಡಕ್ಟರನಿಗೆ ವಿಷಯ ತಿಳಿದಿರಲಿಲ್ಲ. ನಾನು ಹೇಳಬಹುದಿತ್ತು. ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆದೆ. ಯಾರ ಮುಖವನ್ನೂ ನೋಡಬಾರದೆಂದು ವಾಕ್‌ಮನ್ ತೆಗೆದು ಬಲದ ತುದಿಯನ್ನು ಬಲಗಿವಿಗೆ ಹಾಕಿಕೊಂಡೆ. ಎಡದ್ದನ್ನು ಕರ್ಚೀಫಿನ ಮೇಲೆ ಇಟ್ಟೆ.

ಬಸ್ಸು ತುಂಗೆಯ ಸೇತುವೆ ದಾಟಿತು. ನಿಂತವರು ನನ್ನ ಭುಜಕ್ಕೆ ಒರಗುವಷ್ಟು ಜನ. ಆದರೂ ಪಕ್ಕದ ಸೀಟನ್ನು ಮತ್ತೆ ಯಾರೂ ಕೇಳಲಿಲ್ಲ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಮಾಚೇನಹಳ್ಳಿಯವರೆಗೂ ಹಾಡುಗಳು ಕಿವಿಯಲ್ಲಿ ಸುಮ್ಮನೆ ಹೋಗುತ್ತಿದ್ದವು. ಆಮೇಲೆ, ಯಾವ ಹಾಡಿನಲ್ಲಿ ಶುರುವಾಯಿತೋ ಹೇಳಲಾರೆ, ನನಗೆ ಇನ್ನೊಂದು ಗಿಟಾರು ಕೇಳುತ್ತಿದೆ ಎಂದು ಗೊತ್ತಾಯಿತು. ಎಡಗಡೆಯಿಂದ. ಕಿವಿಯೊಳಗಿಂದ ಬರುವ ಶಬ್ದದಂತಿರಲಿಲ್ಲ. ಪಕ್ಕದಲ್ಲಿ ಕೂತವರು ಬಾಯಿ ಮುಚ್ಚಿ ಗುನುಗಿದರೆ ಹೇಗೋ ಅಷ್ಟು ಮೆಲ್ಲಗೆ, ಆದರೆ ಗಿಟಾರೇ. ಬಲಗಡೆಯ ಗಿಟಾರು ಒಂದು ಮಾತು ಆಡಿದರೆ ಅದಕ್ಕೆ ಈ ಕಡೆಯಿಂದ ಉತ್ತರ. ನಾನು ಅಷ್ಟು ದಿನ ಕೇಳಿದ್ದು ಬರೀ ಪ್ರಶ್ನೆಗಳನ್ನು ಎಂದು ಆಗ ಅನಿಸಿತು.

ಹೆದರಿಕೆಯಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಸೀಟಿನ ಮೇಲಿದ್ದ ತುದಿಯಿಂದಲೇ ಶಬ್ದ ಬರುತ್ತಿದೆ ಎಂದುಕೊಂಡೆ. ಬಸ್ಸಿನ ಗದ್ದಲದಲ್ಲಿ ಅದು ಹೇಗೆ ಕೇಳೀತು ಎಂದು ಯೋಚಿಸಲೇ ಇಲ್ಲ. ನನಗೆ ಸಂತೋಷವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಷ್ಟು ಹೊತ್ತು ತಮ್ಮ ಸತ್ತಿದ್ದಾನೆ ಎಂಬುದೇ ನನಗೆ ಮರೆತಿತ್ತು.

ಕೊನೆಯ ಹಾಡು ಬಂತು. ಎಲ್ಲ ನಿಂತು ಡ್ರಮ್ ಉಳಿಯಿತು. ನಾನು ಕಾಲಿನಲ್ಲಿ ಎಣಿಸತೊಡಗಿದೆ. ಸುತ್ತು ಮುಗಿದು ಮೊದಲ ಪೆಟ್ಟು ಬಿತ್ತು, ಏನೂ ಬರಲಿಲ್ಲ. ಎರಡನೆಯ ಪೆಟ್ಟಿಗೆ ಎಡಗಡೆಯಿಂದ ಗಿಟಾರು ಶುರುವಾಯಿತು.

"ಲೇಟು ಕಣೋ," ಎಂದು ನಗುತ್ತಾ ಗಟ್ಟಿಯಾಗಿಯೇ ಅಂದೆ. ಪಕ್ಕದಲ್ಲಿ ನಿಂತಿದ್ದ ಗಂಡಸು ತಿರುಗಿ ನೋಡಿದ.

ಭದ್ರಾವತಿಯಲ್ಲಿ ಇಳಿದು, ನಡೆದು ಮನೆಗೆ ಬಂದಾಗಲೂ ಮುಖದಲ್ಲಿ ಆ ನಗು ಉಳಿದಿದ್ದಿರಬೇಕು. ಅಮ್ಮ ಬಾಗಿಲಲ್ಲೇ ಕೂತಿದ್ದಳು. ತಿಥಿಯ ನಂತರ ದಿನವೂ ಸಂಜೆ ಆ ಬಸ್ಸಿನ ಹೊತ್ತಿಗೆ ಅಲ್ಲಿ ಬಂದು ಕೂರುತ್ತಿದ್ದಳು. ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

"ನಗ್ತಾ ಬರ್ತಿದೀಯಲ್ಲೇ," ಎಂದಳು. ಸಿಟ್ಟಿನಿಂದಲ್ಲ, ಬಹಳ ಮೆಲ್ಲಗೆ. "ಯಾರು ಸಿಕ್ಕಿದ್ರು?"

"ಯಾರೂ ಸಿಗ್ಲಿಲ್ಲಮ್ಮ," ಎಂದೆ.

ಅವಳು ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ ಒಳಗೆ ಎದ್ದು ಹೋದಳು.

ಆ ಭಾನುವಾರ ಮನೆಯಲ್ಲಿ ಯಾರೂ ಇಲ್ಲದಾಗ ಎರಡು ತುದಿಗಳನ್ನೂ ಎರಡು ಕಿವಿಗೆ ಹಾಕಿಕೊಂಡೆ. ಬಲದ್ದು ಮಾತ್ರ ಕೇಳಿತು. ಎಡದ್ದನ್ನು ತಿರುಚಿದೆ, ಒತ್ತಿದೆ, ತಂತಿ ಅಲ್ಲಾಡಿಸಿದೆ. ಗೊರಗೊರ ಶಬ್ದವೂ ಇಲ್ಲ. ಈ ನಡುವೆ ಕೆಟ್ಟಿರಬೇಕು ಎಂದುಕೊಂಡು ಸುಮ್ಮನಾದೆ. ನಮ್ಮ ಅಂಗಡಿಗೆ ರಿಯಾಜ್ ಹಬ್ಬದ ಬಟ್ಟೆಗೆಂದು ತಾಯಿಯ ಜೊತೆ ಬಂದದ್ದು ಅದಾದ ಕೆಲವು ವಾರಗಳ ಮೇಲೆ. ಮಾತಿಗೆ ಮಾತು ಬಂದು ಇಯರ್‌ಫೋನಿನ ವಿಷಯ ಹೇಳಿದೆ.

"ಅದರ ಎಡದ್ದು ಹೋಗಿ ಒಂದು ವರ್ಷದ ಮೇಲಾಯ್ತಲ್ಲ ಅಕ್ಕ," ಎಂದ ರಿಯಾಜ್. "ಗಿರಿ ಹೇಳಿರ್ಲಿಲ್ವಾ?"

ಇಲ್ಲವೆಂದೆ.

"ಹೊಸದು ತಗೊಳ್ಳೋ ಅಂದೆ. ಆಮೇಲೆ ನೋಡೋಣ ಅಂತಿದ್ದ. ಅಕ್ಕಂಗೆ ಹೇಳ್ಬೇಡ, ಗೊತ್ತಾದ್ರೆ ಅವಳು ಕೇಳೋದೇ ಬಿಟ್ಬಿಡ್ತಾಳೆ, ಇಲ್ಲ ಕೇಳೋ ತುದೀನ ನಂಗೇ ಕೊಟ್ಬಿಡ್ತಾಳೆ ಅಂದ. ಮತ್ತೆ ಬಸ್ಸಲ್ಲಿ ಸುಮ್ನೆ ಕೂತ್ಕೊಂಡು ಏನ್ ಮಾಡ್ತೀಯ ಅಂತ ನಾನೇ ನಗಾಡಿದ್ದೆ. ಅಕ್ಕನ ಕಾಲು ನೋಡ್ತಿರ್ತೀನಿ, ಹಾಡು ಎಲ್ಲಿಗೆ ಬಂತು ಅಂತ ಗೊತ್ತಾಗುತ್ತೆ ಅಂದ."

ರಿಯಾಜನ ತಾಯಿ ಒಂದು ಸೀರೆ ಬಿಡಿಸಿ ಕೇಳುತ್ತಿದ್ದರು, ಇದರಲ್ಲಿ ಹಸಿರು ಇದೆಯೇ ಎಂದು. ನಾನು ಹಸಿರು ಹುಡುಕಲು ತಿರುಗಿದೆ. ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಯಜಮಾನರು ಎರಡು ಸಲ ಕೂಗಿದರಂತೆ. ನನಗೆ ಕೇಳಲಿಲ್ಲ.

ಒಂದು ವರ್ಷ ಅವನು ಏನೂ ಕೇಳದೆ ನನ್ನ ಪಕ್ಕ ಕೂತಿದ್ದ. ನನ್ನ ಕಾಲು ನೋಡಿ ತಟ್ಟುತ್ತಿದ್ದವನ ಕೈ ಒಂದು ಪೆಟ್ಟು ತಡವಾಗದೆ ಇನ್ನೇನಾದೀತು? ಅವನನ್ನು ನಾನು ಕಿವುಡ ಎಂದು ಕರೆದೆ, ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನದವರೆಗೂ.

ವಾಕ್‌ಮನ್ನನ್ನು ಟ್ರಂಕಿನಲ್ಲಿಟ್ಟೆ. ಆಮೇಲೆ ಮದುವೆಯಾಗಿ ಶಿವಮೊಗ್ಗಕ್ಕೇ ಬಂದೆ, ಕೋಟೆ ರಸ್ತೆಯ ಹತ್ತಿರ ಮನೆ. ಹಲವು ವರ್ಷ ಆ ಸಂಗೀತದ ತಂಟೆಗೆ ಹೋಗಲಿಲ್ಲ. ಈಗ್ಗೆ ಎರಡು ವರ್ಷದ ಹಿಂದೆ ರಿಯಾಜ್ ಸಿಕ್ಕಿದ. ಆ ಬ್ಯಾಂಡ್ ಈಗ ಬಹಳ ದೊಡ್ಡದಾಗಿದೆ ಎಂದು ಹೇಳಿ, ಮೊದಲ ಆಲ್ಬಮ್ಮಿನ ಸಿಡಿ ತಂದುಕೊಟ್ಟ. ಮನೆಗೆ ಆಗತಾನೆ ಕಂಪ್ಯೂಟರ್ ಬಂದಿತ್ತು, ಜೊತೆಗೆ ದೊಡ್ಡ ಹೆಡ್‌ಫೋನು. ಒಂದು ಮಧ್ಯಾಹ್ನ ಕೂತು ಕೇಳಿದೆ.

ಇದೇ ಬ್ಯಾಂಡಿನ ಆಮೇಲಿನ ಆಲ್ಬಮ್‌ಗಳನ್ನೂ ರಿಯಾಜ್ ಕೊಟ್ಟಿದ್ದ. ಅವೆಲ್ಲ ನುಣುಪು, ಎಲ್ಲೂ ಎಡವುವುದಿಲ್ಲ. ಮೊದಲನೆಯದು ಹಾಗಲ್ಲ. ಡ್ರಮ್ಮು ಇಂದಿಗೂ ತಗಡಿನಂತೆಯೇ ಇದೆ, ಹಾಡುವವನ ಧ್ವನಿ ಮೇಲಕ್ಕೆ ಹೋದಾಗ ಒಡೆಯುತ್ತದೆ. ಆದರೂ ನನಗೆ ಅದೇ ಹೆಚ್ಚು. ಬಾರಿಸುತ್ತಿದ್ದವರು ಆಗ ಗಿರಿಯ ವಯಸ್ಸಿನವರೇ ಇದ್ದಿರಬೇಕು.

ಎಡಗಡೆಯ ಗಿಟಾರನ್ನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದೆ. ಆದರೆ ಮುಂದಿನ ಸ್ವರ ಯಾವುದೆಂದು ಪ್ರತಿಸಲವೂ ನನಗೆ ಮೊದಲೇ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಕೇಳಿದ್ದು ಅದನ್ನೇ. ಅವೇ ಉತ್ತರಗಳು, ಅದೇ ಜಾಗಗಳಲ್ಲಿ. ಕೊನೆಯ ಹಾಡು ಶುರುವಾಯಿತು. ಎಲ್ಲ ನಿಂತು ಡ್ರಮ್ ಉಳಿಯಿತು. ಕಾಲಿನಲ್ಲಿ ಎಣಿಸಿದೆ. ಎಡಗಡೆಯ ಗಿಟಾರು ಸರಿಯಾಗಿ ಮೊದಲ ಪೆಟ್ಟಿಗೆ ಬಂತು. ತಿರುಗಿ ಹಾಕಿ ಕೇಳಿದೆ. ಮತ್ತೆ ಹಾಕಿದೆ. ಅದು ತಡವಾಗಿ ಬರುವುದೇ ಇಲ್ಲ.

ರಿಯಾಜನಿಗೆ ಮಾತ್ರ ಇದನ್ನು ಹೇಳಿದ್ದೇನೆ. ಕ್ಯಾಸೆಟ್ಟಿನ ಟೇಪು ಹಿಗ್ಗಿ ಎಳೆದುಕೊಂಡಿದ್ದಿರಬಹುದು ಅಕ್ಕ, ಎಂದ. ಎಳೆದುಕೊಂಡಿದ್ದರೆ ಡ್ರಮ್ಮೂ ಎಳೆಯಬೇಕಲ್ಲವೇ ಎಂದು ಕೇಳಿದೆ. ಗಿರಿ ಎಂದಾದರೂ ಅದನ್ನು ಗುನುಗಿದ್ದು ನನ್ನ ತಲೆಯಲ್ಲಿ ಉಳಿದಿರಬಹುದು ಎಂದು ನಾನೇ ನನಗೆ ಹೇಳಿಕೊಂಡಿದ್ದೇನೆ. ಆದರೆ ಅವನು ಗುನುಗಿದ ನೆನಪು ನನಗಿಲ್ಲ. ಇದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ.

ಅಮ್ಮ ಕಾಯಿಲೆ ಬಿದ್ದು ನಮ್ಮ ಮನೆಯಲ್ಲಿದ್ದಾಗ ಹೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿ ಕೂತೆ. ಅವಳ ಕಾಲು ಒತ್ತಿ ಎದ್ದು ಬಂದೆ. ಬಂದದ್ದು ಗಿರಿಯೇ ಆಗಿದ್ದರೆ, ಬಾಗಿಲಲ್ಲಿ ಕಾಯುತ್ತಿದ್ದವಳು ಅವಳು. ಅವಳ ಪಾಲಿನದನ್ನೂ ನಾನೊಬ್ಬಳೇ ಕೇಳಿಸಿಕೊಂಡು ಬಂದೆ, ಯಾವಾಗಲೂ ಕೇಳುವ ತುದಿ ನನ್ನ ಕಡೆಗೇ ಇದ್ದ ಹಾಗೆ.

ಯಾರು ಸಿಕ್ಕಿದ್ರು ಎಂದು ಅವಳು ಕೇಳಿದ್ದಳು. ಯಾರೂ ಸಿಗ್ಲಿಲ್ಲ ಎಂದಿದ್ದೆ. ನಾನು ಅಂದು ಅಮ್ಮನಿಗೆ ಹೇಳಿದ್ದು ನಿಜವೋ ಸುಳ್ಳೋ, ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲ.